ಮೂರು ಗಂಟೆಯವರೆಗೆ ಪಿಸುಮಾತು

“ನನ್ನ ಪೆಟ್ಟಿಗೆ ಕದ್ದವರು ನೀವಾ?!”

ವೀಬ್ಕೆಯ ಕೂಗಿಗೆ ತೋಟದ ಸಾಲೇ ಬೆಚ್ಚಿಬಿತ್ತು. ಬೇಲಿಯಾಚೆ ತನ್ನ ತೋಟದಲ್ಲಿ ಕುಳಿತಿದ್ದ ಹೆನಿಂಗ್ ಗಾಬರಿಯಿಂದ ತುಟಿಗೆ ಬೆರಳಿಟ್ಟ.

“ಶ್... ಮೂರು ಗಂಟೆವರೆಗೆ ಗಲಾಟೆ ಮಾಡೋ ಹಾಗಿಲ್ಲ!”

ಲೈಪ್‌ಜಿಗ್‌ನ ಈ ಬಾಡಿಗೆ ತೋಟಗಳಲ್ಲಿ ಮಧ್ಯಾಹ್ನದ ವಿಶ್ರಾಂತಿ ಎಂದರೆ ವಿಶ್ರಾಂತಿಯೇ. ಇನ್ನೊಂದು ಪಕ್ಕದ ತೋಟದ ಟ್ರೌಟ್‌ವೈನ್ ಅಜ್ಜಿ ಆಗಲೇ ಕೆಮ್ಮಿ ಎಚ್ಚರಿಸಿದ್ದರು.

ವೀಬ್ಕೆ ದನಿ ತಗ್ಗಿಸಿದಳು. ಸಿಟ್ಟು ಮಾತ್ರ ತಗ್ಗಲಿಲ್ಲ! ಚಳಿಗಾಲವಿಡೀ ಮರ ಕೊಯ್ದು, ತೂತು ಕೊರೆದು ಅವಳೇ ಮಾಡಿದ ಆ ಪೆಟ್ಟಿಗೆ, ಕೀಟಗಳು ಗೂಡು ಕಟ್ಟಲೆಂದು ಮಾಡಿದ ಮನೆ, ಅವನ ತೊಡೆಯ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಗುಂಪಿಲ್ಲದೆ ಬಾಳುವ ಪುಟ್ಟ ಒಂಟಿಜೇನುಗಳು ಇಂಥ ತೂತುಗಳಲ್ಲಿ ಗೂಡು ಹುಡುಕುವ ದಿನಗಳಿವು. ಆದರೂ ಬಂದ ಜೇನುಗಳೆಲ್ಲ ಬಾಗಿಲಲ್ಲೇ ನೋಡಿ ವಾಪಸ್ಸಾಗುತ್ತಿದ್ದವು.

ಇಂಥವನಿಗಾ ನಾನು ಮನಸ್ಸು ಕೊಟ್ಟಿದ್ದು? ಹುಳಿ ರುಚಿಯ ರುಬಾರ್ಬ್ ದಂಟು ಕೇಳಿಕೊಂಡು ಬಂದಾಗಲೆಲ್ಲ ಎಳೆಯದನ್ನೇ ಆರಿಸಿ ಕೊಟ್ಟೆನಲ್ಲ!

“ತೂತಿಗೆ ಬೆರಳಿಟ್ಟು ನೋಡಿ,” ಎಂದ ಹೆನಿಂಗ್.

ವೀಬ್ಕೆಯ ಬೆರಳು ಚುರ್ರೆಂದಿತು. ಸಿಬಿರು!

“ಜೇನು ಹಿಂದಕ್ಕೆ ಸರಿದು ಬರುವಾಗ ರೆಕ್ಕೆ ಹರಿಯುತ್ತೆ. ಅದಕ್ಕೇ ಒಳಗೆ ಹೋಗ್ತಿಲ್ಲ. ಈ ಹೊತ್ತಲ್ಲಿ ಡ್ರಿಲ್ ಹಾಕಿದ್ರೆ ಅಜ್ಜಿ ಬಿಡ್ತಾರಾ? ಮರಳುಕಾಗದ ಹಿಡಿದು ಕೈಯಲ್ಲೇ ಉಜ್ಜಿದೆ.”

ಅವನ ಬೆರಳ ತುದಿಗಳು ಕೆಂಪಾಗಿದ್ದವು. ವೀಬ್ಕೆ ಅವನ್ನೇ ನೋಡಿದಳು.

“ಒಂದು ಮಾತು ಕೇಳೋಕೆ ಏನಾಗಿತ್ತು?”

“ಕೇಳೋಕೇ ಬರ್ತಿದ್ದೆ... ನಿಮ್ಮ ಮುಖ ನೋಡಿದ್ರೆ ಮಾತೇ ಹೊರಡ್ತಿರಲಿಲ್ಲ. ರುಬಾರ್ಬ್ ಕೇಳಿಬಿಡ್ತಿದ್ದೆ.”

“ಅಷ್ಟೂ ಸಲ?!”

“ನಂಗೆ ಆ ಹುಳಿ ಸೇರೋದೇ ಇಲ್ಲ! ಅಡುಗೆಮನೆ ತುಂಬ ಜಾಮ್!”

ವೀಬ್ಕೆಗೆ ನಗು ಉಕ್ಕಿ ಬಂತು. ಇಬ್ಬರೂ ಸೇರಿ ಪೆಟ್ಟಿಗೆಯನ್ನು ಜೋಡಿಸಿ, ಅವಳ ತೋಟದಲ್ಲಿ ದಕ್ಷಿಣದ ಬಿಸಿಲಿಗೆ ಮುಖ ಮಾಡಿ ತೂಗುಹಾಕಿದರು. ಉಸಿರು ಬಿಗಿಹಿಡಿದು ಕಾದರು...

ಕಂದು ಬಣ್ಣದ ಜೇನೊಂದು ಬಂತು. ಸುಳಿಯಿತು. ಒಳಗೆ ನುಗ್ಗಿತು! ಸ್ವಲ್ಪ ಹೊತ್ತಿಗೆ ಹಿಂದಕ್ಕೆ ಸರಿಯುತ್ತ ಹೊರಬಂದು, ನೆಟ್ಟಗೆ ಹಾರಿಹೋಯಿತು.

ಕಿರುಚಬೇಕೆನಿಸಿತು ಅವಳಿಗೆ! ಕಿರುಚುವಂತಿಲ್ಲವಲ್ಲ... ಅವನ ಕೈ ಹಿಡಿದು ಪಿಸುಗುಟ್ಟಿದಳು.

“ಹೆನಿಂಗ್... ನೀನಂದ್ರೆ ನಂಗೆ ತುಂಬಾ ಇಷ್ಟ.”

‘ನೀವು’ ಎಲ್ಲಿ ಹೋಯಿತೋ, ಅವಳಿಗೇ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಚರ್ಚಿನ ಗಂಟೆ ಮೊಳಗಿತು.

“ಮೂರಾಯ್ತು,” ಅವನ ಕಣ್ಣು ತುಂಬಿತ್ತು. “ಈಗ ಜೋರಾಗಿ ಹೇಳು.”

“ನೀನಂದ್ರೆ ನಂಗೆ ಇಷ್ಟ!!”

“ಅಂತೂ ಹೇಳಿದ್ಲಪ್ಪಾ!” ಪಕ್ಕದ ತೋಟದಿಂದ ಅಜ್ಜಿಯ ದನಿ ಬಂತು. “ಇನ್ನಾದ್ರೂ ಆ ರುಬಾರ್ಬ್ ಉಳೀಲಿ!”

ವೀಬ್ಕೆ ಅವನ ಭುಜಕ್ಕೆ ತಲೆಯಿಟ್ಟಳು.

“ನಾಳೆ ಏನು ಕೇಳೋಕೆ ಬರ್ತೀಯ?”

“ನಿನ್ನನ್ನೇ.”