ಹುಲ್ಲಿನ ಮಗುವಿಗೆ ಹಾಸಿದ ಹಾಸಿಗೆ

“ಎಲೆ ಹಾಕಿ ಬಡಿಸಿದರೆ ಪ್ರೇತಗಳು ಉಂಡು ಹೋಗ್ತವೆ ಟೀಚರೇ. ಹಾಸಿಗೆ ಹಾಸಿದರೆ ಎಂತಕ್ಕೆ ಹೋಗ್ತವೆ?” ಎಂದಳು ಪಕ್ಕದ ಮನೆಯ ಅಮ್ಮು, ತಂದಿದ್ದ ಬೈಹುಲ್ಲಿನ ಕಟ್ಟನ್ನು ಅಂಗಳದಲ್ಲಿ ಇಳಿಸುತ್ತ. “ಮತ್ತೆ, ಹೆಸರಿಲ್ಲದೆ ಯಾರನ್ನೂ ಕರೀಬೇಡಿ. ಈ ಗುಡ್ಡೆಯಲ್ಲಿ ಹೆಸರಿಡುವ ಮೊದಲೇ ಹೋದ ಮಕ್ಕಳು ತುಂಬ ಉಂಟು.”

“ಬರಲಿ ಅಮ್ಮು ಅಕ್ಕ, ನನ್ನ ಮಗಳು ಮೋಕ್ಷಿತಾಳಿಗೆ ಆಡಲಿಕ್ಕೆ ಜೊತೆಯಾಯ್ತು,” ಎಂದು ನಮಿತಾ ನಕ್ಕಳು.

ಕುಂಜತ್ತೂರಿನಿಂದ ಎಣ್ಮಕಜೆಯ ಶಾಲೆಗೆ ಕ್ರಾಫ್ಟ್ ಟೀಚರಾಗಿ ಬಂದು, ಗೇರುಗುಡ್ಡೆಯ ಬುಡದಲ್ಲಿ ಬಾಡಿಗೆ ಮನೆ ಹಿಡಿದಿದ್ದ ನಮಿತಾಳಿಗೆ ದೈವ, ಪ್ರೇತ, ಮಂತ್ರಿಸಿದ ನೂಲು ಎಲ್ಲವೂ ಮೂಢನಂಬಿಕೆ. ಪಶ್ಚಿಮದ ಮಾಟಗಾತಿಯರ ಮತವಾದ ವಿಕ್ಕಾ ಮಾತ್ರ ಸಂಸ್ಕೃತಿ. ಅದನ್ನು ಆಕೆ ಫೇಸ್‌ಬುಕ್ಕಿನಲ್ಲಿ, ಅದೂ ಇಂಗ್ಲಿಷಿನಲ್ಲಿ ಓದಿದ್ದಳು. ಫೆಬ್ರವರಿಯ ಮೊದಲಿಗೆ ಆ ಮತದವರಿಗೆ ಇಂಬೋಲ್ಕ್ ಹಬ್ಬ. ಹುಲ್ಲಿನ ಗೊಂಬೆ ಹೆಣೆದು, ಹಾಸಿಗೆ ಹಾಸಿ, ಹಾಲು ಬೆಣ್ಣೆ ಬ್ರೆಡ್ಡು ಇಟ್ಟು, ಬ್ರಿಜಿಡ್ ಎಂಬ ದೇವಿಯನ್ನು ಹೊಸ್ತಿಲಲ್ಲಿ ನಿಂತು ಒಳಗೆ ಕರೆಯಬೇಕು.

ಮುಸ್ಸಂಜೆಗೆ ಎಲ್ಲ ಸಿದ್ಧವಾಯಿತು. ಅಂಗನವಾಡಿಗೆ ಹೋಗುವ ಮಗಳು ಮೋಕ್ಷಿತಾ ಗೊಂಬೆಗೆ ತನ್ನ ಹಳೆಯ ಲಂಗ ತೊಡಿಸಿದಳು. ಬ್ರೆಡ್ಡಿನ ಬದಲು ಅಕ್ಕಿ ಬೆಲ್ಲದ ಹಾಲುಬಾಯಿ. ಗುಡ್ಡೆಯಿಂದ ಗೇರುಹೂವಿನ ಗಾಢವಾದ ವಾಸನೆ ಇಳಿಯುತ್ತಿತ್ತು. ಬ್ರಿಜಿಡ್ ಎಂದು ಕೂಗಿದರೆ ನೆರೆಯವರು ಮತಾಂತರವೆಂದು ಗುಲ್ಲೆಬ್ಬಿಸಿಯಾರೆಂದು ನಮಿತಾ ಹೆಸರನ್ನು ಬಿಟ್ಟಳು.

“ಬಾ ಮಗಾ, ಹಾಸಿಗೆ ಹಾಸಿದೆ.”

ಮೇಣದ ಬತ್ತಿಯ ಉರಿ ಒಳಕ್ಕೆ ಬಾಗಿತು. ಆಗ ತಾನೇ ಅಗೆದ ಮಣ್ಣಿನ ವಾಸನೆ ಬಂತು, ಜೊತೆಗೆ ಹುಳಿತ ಹಾಲಿನದು.

“ಅಮ್ಮ, ಇದಕ್ಕೆ ಹೆಸರಿಲ್ಲವಂತೆ,” ಎಂದಳು ಮೋಕ್ಷಿತಾ. “ನನ್ನದು ಕೊಟ್ಟೆ.”

ನಮಿತಾ ಮಗಳ ಜಾಣತನಕ್ಕೆ ಮೆಚ್ಚಿ ಫೋಟೋ ತೆಗೆದಳು. ಲೈಕುಗಳು ಬಂದವು.

ಮರುದಿನದಿಂದ ಗೊಂಬೆಯ ಮುಂದಿನ ಬಟ್ಟಲು ಬರಿದಾಗತೊಡಗಿತು. ಮಗಳ ತಟ್ಟೆ ತುಂಬಿದಂತೆಯೇ ಉಳಿಯಿತು. ಹುಲ್ಲಿನ ಹಾಸಿಗೆ ಮುಟ್ಟಿದರೆ ಮಲಗಿ ಎದ್ದ ಹಾಗೆ ಬೆಚ್ಚಗೆ. ಮಗಳಿಗೆ ಜ್ವರ ಹಿಡಿಯಿತು, ಡಾಕ್ಟರ ಔಷಧಿ ನಾಟಲಿಲ್ಲ. ನಮಿತಾ ಗೊಂಬೆಯನ್ನು ಒಲೆಗೆ ಹಾಕಿದಳು. ಒಳಕೋಣೆಯಲ್ಲಿ ಮಗಳು ಬೆಂದವಳಂತೆ ಚೀರಿದಳು. ನಮಿತಾ ಗೊಂಬೆಯನ್ನು ಉರಿಯಿಂದ ಎಳೆದು ತೆಗೆದಳು.

ಅಮ್ಮು ಹೊಸ್ತಿಲ ಹೊರಗೇ ನಿಂತು ಕೇಳಿಸಿಕೊಂಡಳು. “ಕಳಿಸುವುದಾದರೆ ಹೆಸರು ಹಿಡಿದೇ ಕಳಿಸಬೇಕು. ಆ ಹೆಸರು ಈಗ ಇಬ್ಬರಿಗೂ ಉಂಟು, ಆ ಹೆಸರಲ್ಲಿ ನೀವು ಮಾತ್ರ ಕಳಿಸಬೇಡಿ. ಬಾಯಾರು ಊರಿನಲ್ಲಿ ತಿಳಿದವರೊಬ್ಬರಿದ್ದಾರೆ. ನಾಳೆ ಕರಕೊಂಡು ಬರ್ತೇನೆ.”

ಮಗಳ ಉಸಿರು ನಾಳೆಯವರೆಗೆ ಬರುವಂತಿರಲಿಲ್ಲ. ನಮಿತಾ ತರ್ಕ ಮಾಡಿದಳು, ಕಲಿತವಳಲ್ಲವೇ: ಮಗಳನ್ನು ಅಪ್ಪಿ ಹಿಡಿದುಕೊಂಡರೆ ಅವಳು ಹೋಗುವುದಾದರೂ ಹೇಗೆ? ಗೊಂಬೆಯನ್ನು ಹೊಸ್ತಿಲ ಮೇಲಿಟ್ಟಳು. ಮಗಳನ್ನು ಎದೆಗೆ ಬಿಗಿದುಕೊಂಡಳು.

“ಮೋಕ್ಷಿತಾ, ಹೋಗು.”

ದೀಪ ಆರಿತು. ಹುಲ್ಲು ಸರಸರ ಎಂದಿತು. ಏನೋ ಹೊಸ್ತಿಲು ದಾಟಿತು. ಪುಟ್ಟ ಹೆಜ್ಜೆ. ತರಗೆಲೆಯ ಸದ್ದು. ಮತ್ತೆ ಏನೂ ಇಲ್ಲ.

ಮಗು ತೋಳಿನಲ್ಲೇ ಇತ್ತು. ಮೈ ಬಿಸಿ ಇಳಿದಿತ್ತು. ಉಸಿರು ಸರಾಗ. ನಮಿತಾ ಅಳುತ್ತ ಚಿಲಕ ಹಾಕಿದಳು, ಕತ್ತಲಲ್ಲೇ ಗಂಜಿ ಉಣಿಸಿದಳು. ಮಗು ಗಬಗಬನೆ ಉಂಡಿತು.

ಆಗ ಬಾಗಿಲನ್ನು ಯಾರೋ ಅಂಗೈಯಿಂದ ತಟ್ಟಿದರು. ತೀರ ಕೆಳಗೆ.

“ಅಮ್ಮಾ, ಬಾಗಿಲು ತೆಗಿ. ನನ್ನನ್ನು ಎಂತಕ್ಕೆ ಹೊರಗೆ ಹಾಕಿದ್ದು?”

ಮೋಕ್ಷಿತಾಳ ಸ್ವರ. ಅದೇ ತೊದಲು. ಅದೇ ಬಿಕ್ಕು. ನಮಿತಾಳ ಕೈ ಚಿಲಕಕ್ಕೆ ಹೋಯಿತು.

ಸೊಂಟದ ಮೇಲಿದ್ದ ಮಗು ಆ ಕೈಯನ್ನು ಹಿಡಿಯಿತು. ಹಿಡಿತ ತಣ್ಣಗಿತ್ತು.

“ತೆಗೀಬೇಡಿ ಟೀಚರೇ,” ಎಂದಿತು. “ನೀವೇ ಅಲ್ಲವಾ ನನ್ನನ್ನು ಕರೆದದ್ದು?”