ಎಣಿಸದ ಅರವತ್ತು ಸುತ್ತು

"ಇಪ್ಪತ್ತೊಂದು... ಇಪ್ಪತ್ತೆರಡು... ಇಪ್ಪತ್ಮೂರು..."

"ಗಟ್ಟಿಯಾಗಿ ಬ್ಯಾಡ ಪುಟ್ಟಿ, ಮನಸಿನಾಗ ಎಣಿಸು. ನನ್ನ ಲೆಕ್ಕ ತಪ್ಪತೈತೆ" ಎಂದ ಅಜ್ಜ.

ಬಿಂದು ಬಾಯಿ ಮುಚ್ಚಿಕೊಂಡಳು. ಹರಿಹರದ ಅವರ ಮನೆಯ ಪಕ್ಕದಲ್ಲೇ ಒಂದು ತಗಡಿನ ಶೆಡ್ಡು. ಅದರೊಳಗೆ ಡ್ರಿಲ್ಲಿಂಗ್ ಮಷೀನಿನ ಹಿಂದೆ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಅವಳು ಕೂತಿದ್ದಳು. ಕಣ್ಣೆದುರಿಗೆ ಬೆಲ್ಟು ಸುತ್ತಿಕೊಂಡ ಮೋಟಾರಿನ ಪುಟ್ಟ ಗಾಲಿ, ಪುಲ್ಲಿ. ಅದರ ಮೇಲೆ ಚಾಕ್‌ಪೀಸಿನಲ್ಲಿ ಎಳೆದ ಒಂದು ಬಿಳಿ ಗೆರೆ. ಗೆರೆ ಒಮ್ಮೆ ಮೇಲೆ ಬಂದರೆ ಒಂದು ಸುತ್ತು. ಎಷ್ಟು ಸಲ ಬಂತು ಎಂದು ಎಣಿಸಿದರೆ ಆಯಿತು. ಐದನೇ ಕ್ಲಾಸಿನ ಹುಡುಗಿಗೆ ಇದೇನು ಮಹಾ!

ಮಷೀನಿನ ಮುಂದೆ ಅಜ್ಜ ಹನುಮಂತಪ್ಪ ನಿಂತಿದ್ದ. ಕರೆಂಟು ಹಾಕದೆ ಕೈಯಿಂದಲೇ ಬೆಲ್ಟನ್ನು ನಿಧಾನ ಎಳೆಯುತ್ತಿದ್ದ. ತೂತು ಕೊರೆಯುವ ಬಿಟ್ಟು ಹತ್ತು ಸುತ್ತು ತಿರುಗುವಷ್ಟರಲ್ಲಿ ಮೋಟಾರು ಎಷ್ಟು ಸುತ್ತು ತಿರುಗುತ್ತದೆ ಎಂದು ಅವನಿಗೆ ತಿಳಿಯಬೇಕಿತ್ತು. ಹತ್ತು ಎಣಿಸುವುದು ಅಜ್ಜನ ಪಾಲು, ಉಳಿದದ್ದು ಬಿಂದುವಿನ ಪಾಲು.

ಆ ಮಷೀನು ಬಿಂದುವಿನ ಅಪ್ಪನಿಗಿಂತ ಹಳೆಯದು. ಅಜ್ಜ ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿದಾಗ ಹರಾಜಿನಲ್ಲಿ ಹಿಡಿದದ್ದು. ಬೀಡು ಕಬ್ಬಿಣದ ಮೈ, ಅಲ್ಲಲ್ಲಿ ಹಸಿರು ಬಣ್ಣ. ಗಟ್ಟಿಮುಟ್ಟು ಅಂದರೆ ಗಟ್ಟಿಮುಟ್ಟು. ಅದಕ್ಕಿದ್ದದ್ದು ಒಂದೇ ದುರ್ಗುಣ, ವಿಪರೀತ ಓಟ. ಸಣ್ಣ ತೂತಿಗೆ ಅದು ನಡೆಯುತ್ತಿತ್ತು. ದಪ್ಪ ಕಬ್ಬಿಣದ ಪಟ್ಟಿಗೆ ದೊಡ್ಡ ತೂತು ಹಾಕಲು ಹೋದರೆ ಮಾತ್ರ ಬಿಟ್ಟು ಕಾದು ಕೆಂಡವಾಗಿ ಕೆಟ್ಟುಹೋಗುತ್ತಿತ್ತು. ದೊಡ್ಡ ತೂತು ನಿಧಾನವಾಗಿಯೇ ಆಗಬೇಕು.

ಅದಕ್ಕೇ ಅಜ್ಜ ದಾವಣಗೆರೆಯ ಮಂಡಿಪೇಟೆಯನ್ನೆಲ್ಲ ಸುತ್ತಿ ಒಂದು ದೊಡ್ಡ ಪುಲ್ಲಿ ಹುಡುಕಿ ತಂದಿದ್ದ. ಮೋಟಾರಿಗೂ ಮಷೀನಿನ ತಲೆಗೂ ನಡುವೆ ಅದನ್ನು ಕೂರಿಸಲು ವಾರವೆಲ್ಲ ಒದ್ದಾಡಿದ್ದ. ಮಷೀನಿನ ತಲೆಯ ಪುಲ್ಲಿಗೆ ಮೂರು ಮೆಟ್ಟಿಲು, ಬೆಲ್ಟು ದೊಡ್ಡ ಮೆಟ್ಟಿಲಿಗೆ ಕೂತಷ್ಟೂ ಓಟ ನಿಧಾನ. ಇನ್ನು ಮಷೀನಿನ ಓಟ ತಗ್ಗಬೇಕು.

"ಅರವತ್ತು ಬರಬೇಕು ನೋಡು. ಬಂದ್ರ ಗೆದ್ವಿ. ಕಡಿಮಿ ಬಂತಾ, ಎಲ್ಲೋ ಎಡವಟ್ಟಾಗೈತೆ ಅಂತ ಲೆಕ್ಕ" ಎಂದು ಅಜ್ಜ ಮೊದಲೇ ಹೇಳಿದ್ದ.

ಇಪ್ಪತ್ತೊಂಬತ್ತು, ಮೂವತ್ತು...

"ಬಿಂದೂ! ಏ ಬಿಂದೂ! ಬಾರೇ, ಅಮ್ಮಿ ಆಟೋ ನಿಲ್ಸ್ಯಾರೆ!"

ಗೇಟಿನ ಹತ್ತಿರ ನುಜತ್ ಕುಣಿಯುತ್ತಿದ್ದಳು. ಬಿಂದುವಿನ ಗೆಳತಿ, ಅವಳದೇ ಕ್ಲಾಸು. ಸ್ಕೂಲ್ ಡೇ ಡ್ಯಾನ್ಸಿಗೆ ಡ್ರೆಸ್ ನೋಡಲು ನುಜತ್‌ಳ ಅಮ್ಮ ಇಬ್ಬರನ್ನೂ ದಾವಣಗೆರೆಗೆ ಕರೆದುಕೊಂಡು ಹೊರಟಿದ್ದರು.

ಬಿಂದು ಗೇಟಿನ ಕಡೆ ಕೈ ಬೀಸಿ ತಿರುಗಿದಳು. ಅಷ್ಟರಲ್ಲಿ ಬಿಳಿ ಗೆರೆ ಎಷ್ಟೋ ಸಲ ಬಂದು ಹೋಗಿತ್ತು. ಈಗ ಎಷ್ಟು? ಮೂವತ್ತೆರಡೋ? ಮೂವತ್ತೈದೋ?

"ಹತ್ತಾತು!" ಎಂದ ಅಜ್ಜ. "ನಿಂದೆಷ್ಟು?"

"ಅರವತ್ತು."

"ಸರಿಯಾಗಿ ಎಣಿಸ್ದೇನವ್ವ?"

"ಹ್ಞೂಂ ಅಜ್ಜ, ಅರವತ್ತಂದ್ರೆ ಅರವತ್ತು!"

ಅಜ್ಜನ ಮುಖ ಅರಳಿತು. "ಭಲೇ! ನನ್ನ ಮೊಮ್ಮಗಳು!" ಎಂದವನೇ, ಬೆರಳಿಗೆಲ್ಲ ಗ್ರೀಸು ಹತ್ತಿದ್ದರಿಂದ ಮೊಣಕೈಯಿಂದ ಅವಳ ತಲೆ ಸವರಿದ. ಮರುಕ್ಷಣವೇ ಬಿಂದು ಗೇಟಿನತ್ತ ಓಡಿದಳು.

ದಾವಣಗೆರೆಯಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ. ಜರಿ ಅಂಚಿನ ಕೆಂಪು ಲಂಗ ಇಬ್ಬರಿಗೂ ಒಪ್ಪಿತು. ಬಸ್ಸಿನಲ್ಲಿ ಹಾಡುತ್ತ ಬಂದರು. ಬಿಂದು ಮನೆಗೆ ಬಂದಾಗ ಆಗಷ್ಟೇ ದೀಪ ಹಚ್ಚಿದ್ದರು.

ಅಜ್ಜ ಕಟ್ಟೆಯ ಮೇಲೆ ಕೂತಿದ್ದ. ಅವನ ಬಲಗೈಗೆ ದೊಡ್ಡ ಬ್ಯಾಂಡೇಜು.

"ಏನಾತು ಅಜ್ಜಂಗೆ?" ಎಂದಳು ಬಿಂದು.

"ದೊಡ್ಡ ತೂತು ಹಾಕ್ತಿದ್ರು. ಬಿಟ್ಟು ಪಟ್ ಅಂತ ಮುರೀತು. ಪಟ್ಟಿ ತಿರುಗಿ ಕೈಗೆ ಹೊಡೀತು, ನಾಲ್ಕು ಹೊಲಿಗಿ ಬಿದ್ದಾವ" ಎಂದಳು ಅಮ್ಮ ಮೀನಾಕ್ಷಿ.

ಪಕ್ಕದಲ್ಲಿ ಭಾನುವಳ್ಳಿಯ ರೈತ ತಿಪ್ಪೇಶ್ ನಿಂತಿದ್ದ. ಅವನ ಟಿಲ್ಲರಿನ ಪಟ್ಟಿಯದೇ ಕೆಲಸ. ಅರ್ಧ ಕೊರೆದು ಸುಟ್ಟು ನೀಲಿಯಾದ ಪಟ್ಟಿ ಅವನ ಕೈಯಲ್ಲಿತ್ತು. "ಹೋಗ್ಲಿ ಬಿಡ್ರಿ ಅಜ್ಜಾರೆ, ಬೇರೆ ಕಡೆ ಹಾಕಿಸ್ಕಂತೀನಿ" ಎಂದ. ಎಷ್ಟು ಮೆಲ್ಲಗೆ ಹೇಳಿದರೂ ಅಜ್ಜ ಮುಖ ಎತ್ತಲಿಲ್ಲ.

ಅಪ್ಪ ಗಿರೀಶ ಆಫೀಸಿನ ಬಟ್ಟೆಯಲ್ಲೇ ಇದ್ದ. ಶೆಡ್ಡಿನಿಂದ ದಡದಡ ಬಂದ.

"ಮುಚ್ಚಳ ತೆಗೆದು ನೋಡ್ದೆ. ಮೇಲಿನ ಪುಲ್ಲಿಯಾಗ ಬೆಲ್ಟು ದೊಡ್ಡ ಮೆಟ್ಲಿಗೆ ಕೂರಬೇಕಿತ್ತು. ನಡುವಿನ ಮೆಟ್ಲಿಗೆ ಹಾಕೀರಿ! ಅಪ್ಪಾ, ಕಣ್ಣು ಸರಿ ಕಾಣಲ್ಲ ಅಂದ್ರ ಯಾಕ ಕೇಳಲ್ಲ ನೀವು?"

"ಎಣಿಸಿದ್ವಲ್ಲೋ. ಅರವತ್ತು ಬಂದಿತ್ತು" ಎಂದ ಅಜ್ಜ.

"ಹೆಂಗೆ ಬರತೈತೆ? ನಡುವಿನ ಮೆಟ್ಲಾಗ ನಲವತ್ತು ಬಂದ್ರ ಹೆಚ್ಚು!"

ಅಜ್ಜ ಬ್ಯಾಂಡೇಜಿನ ಕೈಯನ್ನೇ ನೋಡುತ್ತ ಕೂತ. ಆಮೇಲೆ ಹೇಳಿದ, "ಹಂಗಾದ್ರ ನಾನೇ ತಪ್ಪಿ ಎಣಿಸೀನಿ ಬಿಡು. ಹತ್ತು ಎಣಿಸೋದೂ ಬರದಂಗಾತು ನಂಗೆ."

ಬಿಂದುವಿನ ಕಿವಿ ಬಿಸಿಯಾದವು. ಮೊಮ್ಮಗಳು ತಪ್ಪು ಹೇಳಿರಬಹುದು ಎಂದು ಅಜ್ಜನಿಗೆ ಹೊಳೆದೇ ಇರಲಿಲ್ಲ! ತಿಪ್ಪೇಶ್‌ನ ಎದುರು, ಮಗನ ಎದುರು, ಎಲ್ಲವನ್ನೂ ತನ್ನ ತಲೆ ಮೇಲೆ ಹಾಕಿಕೊಂಡು ಕೂತುಬಿಟ್ಟಿದ್ದ.

"ಬೆರಳೇ ಹೋಗಿದ್ರ ಏನ್ ಮಾಡ್ಬೇಕಿತ್ತು? ಸಾಕು. ಗುಜರಿ ಬಡೇಸಾಬ್‌ಗೆ ಫೋನ್ ಮಾಡೀನಿ. ನಾಳೆ ಗಾಡಿ ತರ್ತಾರೆ, ಮಷೀನು ಒಯ್ಲಿ" ಎಂದ ಅಪ್ಪ. ಅಜ್ಜ ಬೇಡ ಅನ್ನಲಿಲ್ಲ. ಅಜ್ಜ ಮಷೀನಿನ ವಿಷಯದಲ್ಲಿ ಜಗಳ ಆಡದೆ ಸುಮ್ಮನಿದ್ದದ್ದನ್ನು ಬಿಂದು ಅದೇ ಮೊದಲು ಕಂಡಳು.

ಈಗ ಹೇಳಲೇ? ತಿಪ್ಪೇಶ್ ಇದ್ದಾನಲ್ಲ, ಅವನು ಹೋಗಲಿ ಅಂದುಕೊಂಡಳು. ತಿಪ್ಪೇಶ್ ಹೋದ. ಊಟ ಆಗಲಿ ಅಂದುಕೊಂಡಳು. ಊಟವೂ ಆಯಿತು. ಅಮ್ಮ ಹೊಸ ಲಂಗ ತೋರಿಸು ಎಂದಾಗ ಅವಳಿಗೆ ಅದನ್ನು ಮುಟ್ಟಲೂ ನಾಚಿಕೆಯಾಯಿತು. "ನಾಳೆ" ಎಂದು ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು.

ಬೆಳಗ್ಗೆ ಕಣ್ಣು ಬಿಟ್ಟಾಗ ಶೆಡ್ಡಿನಲ್ಲಿ ಮಾತು ಕೇಳಿಸುತ್ತಿತ್ತು. ಬಡೇಸಾಬ್ ಬಂದಾಗಿತ್ತು! ಬಾಗಿಲಲ್ಲೇ ಅವನ ಲಗೇಜ್ ಆಟೋ. ಬಿಂದು ಬರಿಗಾಲಲ್ಲಿ ಓಡಿದಳು.

ಬಡೇಸಾಬ್ ಮಷೀನನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದ. ಅಪ್ಪ ಹಗ್ಗ ಹಿಡಿದು ನಿಂತಿದ್ದ. ಅಜ್ಜ ಎಡಗೈಯಲ್ಲಿ ಸ್ಪ್ಯಾನರ್ ಹಿಡಿದು, ತಾನೇ ಕೂರಿಸಿದ ಹೊಸ ಪುಲ್ಲಿಯನ್ನು ಬಿಚ್ಚಲು ಹೋಗುತ್ತಿದ್ದ. ಎಡಗೈಗೆ ಅಭ್ಯಾಸವಿಲ್ಲದೆ ಸ್ಪ್ಯಾನರ್ ಮತ್ತೆ ಮತ್ತೆ ಜಾರುತ್ತಿತ್ತು.

"ರಾತ್ರಿಯೆಲ್ಲ ಹತ್ತು ಎಣಿಸ್ತಾ ಮಲಗಿದ್ದೆ ಸಾಬ್ರೆ" ಎನ್ನುತ್ತಿದ್ದ ಅಜ್ಜ. "ತಲಿನೇ ಕೆಟ್ಟೈತೇನೋ ಅಂತ. ಹಾಸಿಗ್ಯಾಗ ಸರಿಯಾಗೇ ಬರತೈತೆ. ಇಲ್ಲಿ ಹೆಂಗೆ ತಪ್ತೋ ತಿಳೀವಲ್ದು."

"ಬಿಚ್ಚಬ್ಯಾಡ ಅಜ್ಜ!"

ಎಲ್ಲರೂ ತಿರುಗಿದರು. ಗೇಟಿನಲ್ಲಿ ಡ್ಯಾನ್ಸ್ ಪ್ರಾಕ್ಟೀಸಿಗೆ ಕರೆಯಲು ಬಂದ ನುಜತ್ ಕೂಡ ನಿಂತಿದ್ದಳು. ಅವಳೂ ಕೇಳಿಸಿಕೊಳ್ಳುತ್ತಾಳೆ. ಕೇಳಿಸಿಕೊಳ್ಳಲಿ.

"ನಾನು ಎಣಿಸ್ಲಿಲ್ಲ. ಮೂವತ್ತರ ಹತ್ರ ತಪ್ತು. ನೀನು ಅರವತ್ತು ಬರಬೇಕು ಅಂದಿದ್ದೆಯಲ್ಲ... ಅದಕ್ಕ ಅರವತ್ತು ಅಂದೆ."

ಅಪ್ಪನ ಮುಖ ಕೆಂಪಾಯಿತು. "ಏನಂದಿ? ಅಜ್ಜನ ಕೈ ನೋಡೀಯಾ? ನಿನ್ನೆಯಿಂದ ಬಾಯಾಗ ಏನಿಟ್ಕಂಡಿದ್ದಿ?" ಎಂದು ಗದರಿದ. ಅಜ್ಜ ಬ್ಯಾಂಡೇಜಿನ ಕೈ ಎತ್ತಿ ಅವನನ್ನು ಸುಮ್ಮನಾಗಿಸಿದ.

"ನನ್ನ ಕಣ್ಣು ಮೋಸ ಮಾಡ್ತಾವ ಅಂತ ನಂಗೂ ಗೊತ್ತೈತೆ ಪುಟ್ಟಿ" ಎಂದ. "ಅದಕ್ಕೇ ಎಣಿಸಾಕ ನಿನ್ನ ಕೂರಿಸಿದ್ದು."

ಬೈಯಲಿಲ್ಲ. ಎರಡು ಏಟು ಕೊಟ್ಟಿದ್ದರೂ ಆಗುತ್ತಿತ್ತು ಅನ್ನಿಸಿತು ಬಿಂದುವಿಗೆ. ಎಲ್ಲರೆದುರು ಕಣ್ಣಿಂದ ನೀರು ಬಳಬಳ ಇಳಿಯಿತು. ಒರೆಸಿಕೊಳ್ಳಲೂ ನಾಚಿಕೆಯಾಗಿ ಹಾಗೇ ನಿಂತಳು.

"ಏನ್ ಮಾಡೋಣ ಗಿರೀಶಣ್ಣ? ಎತ್ತೋದೋ, ಬ್ಯಾಡವೋ?" ಎಂದು ಬಡೇಸಾಬ್ ತಲೆ ಕೆರೆದುಕೊಂಡ.

ಅಪ್ಪ ಒಂದು ಕ್ಷಣ ಅಜ್ಜನ ಮುಖ ನೋಡಿದ. ಹಗ್ಗ ಕೆಳಗಿಟ್ಟು ಸ್ಟೂಲು ಹತ್ತಿ, ಮುಚ್ಚಳ ತೆಗೆದು ಬೆಲ್ಟನ್ನು ದೊಡ್ಡ ಮೆಟ್ಟಿಲಿಗೆ ಸರಿಸಿದ. "ಇವತ್ತು ಬ್ಯಾಡ ಬಿಡ್ರಿ ಬಡೇಸಾಬ್. ಮೊದ್ಲು ಎಣಿಸಿ ನೋಡೋಣ" ಎಂದ. ಸಿಟ್ಟು ಇನ್ನೂ ಇಳಿದಿರಲಿಲ್ಲ. "ಯಾರು ಎಣಿಸ್ತೀರಿ? ನಾನು ಕೂಡ್ಲಾ?"

"ಬಿಂದು ಕೂಡ್ತಾಳ" ಎಂದ ಅಜ್ಜ.

ಅವಳು ಬಕೆಟ್ಟಿನ ಮೇಲೆ ಕೂತಳು. ಅಜ್ಜ ಎಡಗೈಯಿಂದ ಕಷ್ಟಪಟ್ಟು ಬೆಲ್ಟು ಎಳೆಯತೊಡಗಿದ. ಗೆರೆ ಮೇಲೆ ಬಂತು, ಹೋಯಿತು, ಮತ್ತೆ ಬಂತು. ಹತ್ತು, ಇಪ್ಪತ್ತು, ಮೂವತ್ತು ದಾಟಿತು. ನಲವತ್ತು. ನಲವತ್ತೊಂದು.

ಹೊರಗೆ ಬಡೇಸಾಬ್‌ನ ಆಟೋ ಢರ್ ಎಂದು ಸ್ಟಾರ್ಟ್ ಆಯಿತು. ಬಿಂದು ಬೆಚ್ಚಿ ಬಿದ್ದಳು. ಗೆರೆ ಹೋಗೇ ಹೋಯಿತು. ಅದು ನಲವತ್ತೆರಡೋ, ನಲವತ್ಮೂರೋ?

ಅಪ್ಪ ಸೊಂಟದ ಮೇಲೆ ಕೈಯಿಟ್ಟು ಅವಳನ್ನೇ ನೋಡುತ್ತಿದ್ದ. ನುಜತ್ ನೋಡುತ್ತಿದ್ದಳು. ಅಜ್ಜನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಯಾವುದೋ ಒಂದನ್ನು ಹಿಡಿದು ಮುಂದೆ ಹೋಗಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಿಂದುವಿನ ಕಿವಿಗೆ ಮತ್ತೆ ನಿನ್ನೆಯದೇ ಬಿಸಿ ಏರಿತು.

"ಅಜ್ಜ, ನಿಲ್ಸು. ತಪ್ಪಿಬಿಡ್ತು."

ಅಪ್ಪ ಲೊಚಗುಟ್ಟಿದ. ಅಜ್ಜ ಬೆಲ್ಟು ಬಿಟ್ಟು ತೋಳಿನಿಂದ ಹಣೆ ಒರೆಸಿಕೊಂಡ. ಬಗ್ಗಿ, ಮಷೀನಿನ ಸಂದಿಯಿಂದ ಅವಳ ಕಡೆ ನೋಡಿದ.

"ಹಂಗಾದ್ರ ಮೊದ್ಲಿಂದ" ಎಂದ.

"ಹ್ಞೂಂ ಅಜ್ಜ, ಮೊದ್ಲಿಂದ" ಎಂದು ಬಿಂದು ಮೂಗು ಒರೆಸಿಕೊಂಡು ಬಕೆಟ್ಟನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.