ಓರೆ ಬಾಯಿ, ಮರಳಿನ ಬುಟ್ಟಿ

"ಇಷ್ಟ್ ಕೀಳಾಯಿ ಬಿಡ್ಸುಕೆ ನಿಂಗ್ ಮನ್ಸ್ ಹ್ಯಾಂಗ್ ಬಂತ್?"

ಮಿಥುನ್ ಎಸೆದ ಪತ್ರಿಕೆ ಸುರಕ್ಷಾಳ ಶಾಯಿ ಕುಪ್ಪಿಗೆ ತಾಗಿ ನಿಂತಿತು. ಅವನ ಕಣ್ಣು ಕೆಂಪಾಗಿತ್ತು. ಒಂದು ವರ್ಷದ ಪ್ರೀತಿಯಲ್ಲಿ ಆ ಮುಖವನ್ನು ಅವಳು ಹೀಗೆ ಕಂಡದ್ದೇ ಇಲ್ಲ.

ಕುಂದಾಪುರದ ಆ ವಾರಪತ್ರಿಕೆಗೆ ರಾಜಕಾರಣಿಗಳ ವ್ಯಂಗ್ಯಚಿತ್ರ ಬಿಡಿಸುವವಳು ಸುರಕ್ಷಾ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಈ ಕೆಲಸಕ್ಕೆ ಇಳಿದ ಮೊದಲ ಹೆಣ್ಣು. "ಹೆಂಗ್ಸ್ರಿಗೆ ರಂಗೋಲಿ ಸಾಲ್ದಾ?" ಎಂದು ಮೂಗು ಮುರಿದ ಮುಖಂಡರೇ ಈಗ ಪತ್ರಿಕೆ ಬಂದ ದಿನ ಮೊದಲು ಅವಳ ಪುಟ ತೆರೆದು, ಅದರಲ್ಲಿ ತಾವಿಲ್ಲ ಎಂದು ಖಾತ್ರಿಯಾದ ಮೇಲೆ ಚಹಾ ಕುಡಿಯುತ್ತಿದ್ದರು.

ಈ ವಾರದ ಸರದಿ ಹೆಮ್ಮಾಡಿಯ ಮಂಜಯ್ಯ ಶೆಟ್ಟರದು. ಚುನಾವಣೆಗೆ ಪಕ್ಷದ ಟಿಕೆಟ್ ಕೇಳುತ್ತಿರುವವರು, ಮಿಥುನ್‌ನ ಅಪ್ಪ. ಚಿತ್ರದಲ್ಲಿ ಅವರು ಬಸ್ರೂರಿನ ಹೊಳೆದಡದಲ್ಲಿ ನಿಂತು, ಓರೆ ಬಾಯಲ್ಲಿ ನಗುತ್ತ ಹೊಳೆ ಉಳಿಸುವ ಮಾತಾಡುತ್ತಿದ್ದರು. ಪಕ್ಕದಲ್ಲೇ ಕದ್ದ ಮರಳಿನ ಬುಟ್ಟಿ.

"ನಿನ್ ಅಪ್ಪಯ್ಯನ್ ದೋಣಿ ಮರಳ್ ತೆಗಿಯುದ್ ಸುಳ್ಳಾ?" ಸುರಕ್ಷಾ ಕೇಳಿದಳು.

"ಬುಟ್ಟಿ ವಿಷ್ಯ ಅಲ್ಲ ನಾ ಹೇಳುದ್. ಬಾಯಿ."

"ಬಸ್ರೂರ್ ಸಭೆಯಂಗೆ ಜನ ಪ್ರಶ್ನೆ ಕೇಂಡ್ರೆ ಅವ್ರ್ ಹಾಂಗೇ ನಗಾಡಿರ್. ನಾ ಕಂಡದ್ದ್ ಬಿಡ್ಸಿದೆ."

"ಅದ್ ನಗು ಅಲ್ಲ, ಸುರಕ್ಷಾ..." ಅವನು ಚಿತ್ರದ ಬಾಯಿಯ ಮೇಲೆ ಬೆರಳಿಟ್ಟ. "ಅವ್ರಿಗೆ ಸ್ಟ್ರೋಕ್ ಆಯಿತ್. ಬಾಯಿ ಒಂದ್ ಬದಿಗ್ ಎಳ್ಕಂಡಿತ್. ಕಂಡವ್ರ್ ನಗು ಅಂದ್ಕಂತ್ರ್, ಮನಿಯರ್ ಬಿಟ್ರೆ ಯಾರಿಗೂ ಗೊತ್ತಿಲ್ಲೆ. ಗೊತ್ತಾರೆ ಟಿಕೆಟ್ ಹೋಯ್ತ್."

ಹೇಳಿದ ಮೇಲೆ, ಯಾರೆದುರು ಹೇಳಿದೆ ಎಂಬುದು ಅವನಿಗೆ ಹೊಳೆಯಿತು. ಪತ್ರಿಕೆಯ ಕಚೇರಿಯಲ್ಲಿ ನಿಂತು, ಪತ್ರಿಕೆಯವಳಿಗೇ ಹೇಳಿಬಿಟ್ಟಿದ್ದ.

"ಇನ್ನ್ ಅಪ್ಪಯ್ಯನ್ ಚಿತ್ರ ಒಂದ್ ಬಂದ್ರೂ ನಮ್ದ್ ಮುಗಿತ್," ಎಂದವನು ಮೆಟ್ಟಿಲಿಳಿದು ಹೋದ.

ಸುರಕ್ಷಾ ಪತ್ರಿಕೆ ಎತ್ತಿಕೊಂಡು ಆ ಓರೆ ಬಾಯಿಯನ್ನು ಮತ್ತೆ ನೋಡಿದಳು. ಮನೆಗೆ ಕರೆದುಕೊಂಡು ಹೋಗು ಎಂದಾಗಲೆಲ್ಲ ಅವನು ಮಾತು ತೇಲಿಸುತ್ತಿದ್ದ. ತಾನು ಆ ಮನೆಗೆ ಬೇಡದವಳು ಎಂದು ಎಷ್ಟು ಅತ್ತಿದ್ದಳು... ಅವನು ಮುಚ್ಚಿಟ್ಟದ್ದು ಇದನ್ನೇ?

ಅದಕ್ಕಿಂತ ಹೆಚ್ಚು ಸುಟ್ಟದ್ದು ಇನ್ನೊಂದು. ಅಮ್ಮನ ಕುಂಟು ನಡಿಗೆಯನ್ನು ಅಣಕಿಸಿ ನಡೆಯುತ್ತಿದ್ದ ಹುಡುಗರನ್ನು ಕಂಡು ಬೆಳೆದವಳು ಅವಳು. ಮನುಷ್ಯ ತಾನಾಗಿ ಮಾಡಿದ್ದನ್ನಷ್ಟೇ ಹಿಗ್ಗಿಸಬೇಕು, ದೇಹಕ್ಕೆ ಬಂದದ್ದನ್ನಲ್ಲ ಎಂಬ ನಿಯಮ ತಾನೇ ಹಾಕಿಕೊಂಡದ್ದು. ಈಗ ತಾನೂ ಆ ಹುಡುಗರ ಸಾಲಿಗೆ ಸೇರಿದೆನಲ್ಲ!

ಮರುದಿನ ಸಂಪಾದಕ ಯೋಗೀಶ್ ಕುರ್ಚಿ ಎಳೆದುಕೊಂಡು ಕೂತರು.

"ಶೆಟ್ರಿಗೆ ಹುಶಾರಿಲ್ಲೆ ಅಂಬ್ ಸುದ್ದಿ ಇತ್ತ್. ಗೊತ್ತಿದ್ರೆ ಬಿಡ್ಸ್. ಈ ವಾರ ಮುಖಪುಟ ನಿಂದೇ."

ಮುಖಪುಟ... ಕೆಲಸಕ್ಕೆ ಸೇರಿದಂದಿನಿಂದ ಒಳಪುಟದ ಮೂಲೆಯಲ್ಲೇ ಇದ್ದವಳು. ಟಿಕೆಟ್ ಕೇಳುವವರ ಕಾಯಿಲೆ ಜನರಿಗೆ ಗೊತ್ತಾಗಬೇಕಲ್ಲವೇ ಎಂದೂ ಮನಸ್ಸು ವಾದಿಸಿತು. ಹೌದು, ಆದರೆ ಅದನ್ನು ಹೇಳಬೇಕಾದವರು ಶೆಟ್ಟರೇ. ಮಿಥುನ್ ಅದನ್ನು ಹೇಳಿದ್ದು ಪತ್ರಿಕೆಗಲ್ಲ, ನೋವಿನಲ್ಲಿ, ತನಗೆ.

"ಗೊತ್ತಿದ್ದದ್ದ್ ಕೇಣ್ಬೇಡಿ ಸರ್. ಬಿಡ್ಸಿದ್ ಮೇಲ್ ಕಾಣಿ."

ಹಾಗೆಂದು ಕೂತವಳಿಗೆ ಗೆರೆ ಒಲಿಯಲಿಲ್ಲ. ಬಾಯಿ ನೆಟ್ಟಗೆ ಬರೆದರೆ ಶೆಟ್ಟರು ಮದುವೆ ಫೋಟೊದಲ್ಲಿ ಸೆಟೆದು ನಿಂತ ಯಾರದೋ ಭಾವನಂತೆ ಕಾಣುತ್ತಿದ್ದರು. ಬಿಡಿಸದೆ ಸುಮ್ಮನಿದ್ದರೆ ಮಿಥುನ್ ಉಳಿಯುತ್ತಾನೆ. ಬಸ್ರೂರಿನ ಹೊಳೆ? ಮರಳು ತೆಗೆದು ತೆಗೆದು ಕುಸಿದ ದಡದವರು ಯಾರ ಬಳಿ ಹೇಳಬೇಕು?

ಕಣ್ಣು ಮುಚ್ಚಿ ಆ ಸಭೆಯನ್ನು ಮತ್ತೆ ನೆನೆದಳು. ಶೆಟ್ಟರು ಜನರ ಹೆಗಲು ತಟ್ಟುತ್ತಿದ್ದರು... ಕಣ್ಣು ಮಾತ್ರ ಆಗಾಗ ದಡದಲ್ಲಿದ್ದ ತಮ್ಮ ಮರಳು ದೋಣಿಗಳತ್ತ ಹೋಗಿ ಬರುತ್ತಿತ್ತು.

ಸಿಕ್ಕಿತು. ಆ ನೋಟ ಕಾಯಿಲೆ ಕೊಟ್ಟದ್ದಲ್ಲ, ಅವರದೇ.

ಹೊಸ ಚಿತ್ರದಲ್ಲಿ ಬಾಯಿ ನೆಟ್ಟಗಿತ್ತು. ಕೈ ಜನರ ಹೆಗಲ ಮೇಲೆ, ಕಣ್ಣು ಬುಟ್ಟಿಯ ಮೇಲೆ. ಬುಟ್ಟಿ ಮೊದಲಿಗಿಂತ ದೊಡ್ಡದಾಗಿತ್ತು. ಯೋಗೀಶ್ ಅದನ್ನು ನೋಡಿ ಒಳಪುಟಕ್ಕೇ ಹಾಕಿದರು.

ಪತ್ರಿಕೆ ಹೊರಬಂದ ದಿನ ಅವಳು ಫೋನನ್ನು ಬ್ಯಾಗಿನಿಂದ ಹೊರಗೆ ತೆಗೆಯಲೇ ಇಲ್ಲ. ಎಲ್ಲ ಮುಗಿಯಿತು ಎಂದುಕೊಂಡು ಹೊರಡುವ ಹೊತ್ತಿಗೆ ಬಾಗಿಲಲ್ಲಿ ಮಿಥುನ್ ನಿಂತಿದ್ದ. ಅವನ ಕೈಯಲ್ಲಿ ಮಡಚಿದ ಪತ್ರಿಕೆ.

ಸುರಕ್ಷಾ ಬ್ಯಾಗನ್ನು ಎದೆಗೆ ಒತ್ತಿಕೊಂಡಳು. "ನಂದೊಂದ್ ತಪ್ಪಿತ್ತ್, ಬಾಯಿ. ಅದನ್ನ್ ಸರಿ ಮಾಡಿದೆ. ಬುಟ್ಟಿ ತೆಗಿಯುಕ್ ಆಪುದಿಲ್ಲೆ, ಮಿಥುನ್."

"ಅಪ್ಪಯ್ಯ ಕನ್ನಡ್ಕ ಹಾಯ್ಕಂಡ್ ತುಂಬ ಹೊತ್ತ್ ಕಂಡ್ರ್. ನಿಂಗ್ ವಿಷ್ಯ ಗೊತ್ತಿತ್ತ್ ಅಂತ ನಾ ಹೇಳಿದ್ದೆ. 'ಗೊತ್ತಿದ್ದೂ ನೆಟ್ಟಗ್ ಬಿಡ್ಸಿತಲೆ ಈ ಹೆಣ್ಣ್' ಅಂದ್ರ್. ಆಮೇಲ್ ಪಕ್ಷದವ್ರಿಗೆ ಫೋನ್ ಮಾಡಿ ಸ್ಟ್ರೋಕ್ ಆದ್ದನ್ನ ಅವ್ರೇ ಹೇಳ್ರ್."

"ಬುಟ್ಟಿ ವಿಷ್ಯ?"

"ಅದನ್ನ್ ಕೇಂಡದ್ದಕ್ಕೆ ಮಜ್ಜಿಗಿ ಕುಡ್ದ್ ಮನಿಕಂಡ್ರ್."

ಅವಳಿಗೆ ನಗು ಬಂತು, ಜೊತೆಗೇ ಅಳುವೂ. ಮಿಥುನ್ ಹತ್ತಿರ ಬಂದು ಅವಳ ಶಾಯಿ ಮೆತ್ತಿದ ಬೆರಳು ಹಿಡಿದ.

"ಬಿಡ್ಸ್ಬೇಡ ಅಂದದ್ದ್ ನನ್ ತಪ್ಪ್. ನೀನ್ ಇಲ್ದೆ ನಂಗ್ ಆಪುದಿಲ್ಲೆ, ಸುರಕ್ಷಾ... ಮನಿಗ್ ಬತ್ಯಾ? ಅಪ್ಪಯ್ಯ ಊಟಕ್ ಕರ್ಕಂಡ್ ಬಾ ಅಂದಿರ್."

ಎಷ್ಟು ದಿನದಿಂದ ಕಾದ ಮಾತು! ಆದರೂ ಅವಳು ಕೇಳಿಯೇ ಕೇಳಿದಳು.

"ಪೆನ್ಸಿಲ್ ತಕಂಡ್ ಬರ್ಲಾ?"

ಅವನು ಅವಳ ಬ್ಯಾಗನ್ನು ತನ್ನ ಹೆಗಲಿಗೆ ಹಾಕಿಕೊಂಡ.

"ತಕೋ. ಮರಳಿನ್ ಬುಟ್ಟಿ ನಮ್ ಹಿತ್ಲಂಗೇ ಇತ್ತ್. ನಾನೇ ತೋರ್ಸ್ತೆ."

"ಹೋಪ," ಎಂದಳು ಸುರಕ್ಷಾ.